ಕುರುಗೋಡಿನ ಮೂಲೆ ಹೋಟೆಲಿನ ಒಗ್ಗರಣಿ

ಮುಖವನ್ನೇ ನೋಡಿರದ ಒಬ್ಬ ಹೆಂಗಸಿನ ಮೇಲೆ ನಾನು ಮೂವತ್ತಮೂರು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸುಮ್ಮಸುಮ್ಮನೆ ಪಟ್ಟದ್ದಲ್ಲ, ಕಾರಣ ಇತ್ತು. ಆ ಕಾರಣ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ತಟ್ಟೆ ಹಿಡಿದುಕೊಂಡು ಕೂತಿರುತ್ತಿತ್ತು.

ಬಳ್ಳಾರಿಯವರಿಗೆ ಭಾನುವಾರದ ತಿಂಡಿ ಎಂದರೆ ಒಗ್ಗರಣಿ, ಮಿರ್ಚಿ. ಬೇರೆ ಸೀಮೆಯವರು ಒಗ್ಗರಣೆ ಎಂದರೆ ಸಾರಿಗೆ ಹಾಕುವ ಸಾಸಿವೆ, ಕರಿಬೇವು ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಪೂರ್ತಿ ತಿಂಡಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಜೊತೆ ಬಾಣಲೆಯಲ್ಲಿ ತಿರುವಿ, ಮೇಲೆ ಪುಟಾಣಿ, ಎಂದರೆ ಹುರಿಗಡಲೆಯ, ಪುಡಿ ಉದುರಿಸಿ ಕೊಡುವುದು. ಮಿರ್ಚಿ ಎಂದರೆ ಮೆಣಸಿನಕಾಯಿ ಬಜ್ಜಿ. ಎರಡೂ ಒಂದೇ ತಟ್ಟೆಯಲ್ಲಿರಬೇಕು. ನಾನು ಬಿಸಿಬಿಸಿಯಾಗಿ ತಂದಿಡುತ್ತೇನೆ. ನನ್ನ ಗಂಡ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿ ಹೇಳುತ್ತಾರೆ.

“ಚಲೋ ಆಗೈತಿ. ಆದ್ರ ಕುರುಗೋಡಿನ ಮೂಲಿ ಹೋಟೆಲ್ ಅಕ್ಕನ ಒಗ್ಗರಣಿ ಮುಂದ ಇದು ಏನಲ್ಲ.”

ಮದುವೆಯಾಗಿ ಬಂದ ಎರಡನೆಯ ವಾರವೇ ಈ ಮಾತು ಕೇಳಿದೆ. ಹೊಸ ಹೆಂಡತಿ, ನಕ್ಕು ಸುಮ್ಮನಾದೆ. ಆಮೇಲೆ ಎರಡು ಮಕ್ಕಳಾದವು, ಅವೂ ದೊಡ್ಡವಾಗಿ ತಮ್ಮ ತಮ್ಮ ಮನೆ ಸೇರಿದವು, ನನ್ನ ಕೂದಲು ನೆರೆಯಿತು, ಅವರು ನಿವೃತ್ತರಾದರು. ಆ ಮಾತು ಮಾತ್ರ ನಿವೃತ್ತಿಯಾಗಲಿಲ್ಲ.

ನನ್ನ ಗಂಡ ವಿದ್ಯುತ್ ಕಂಬ ಹತ್ತುವ ಕೆಲಸದಲ್ಲಿದ್ದವರು. ಮೊದಲ ನಾಲ್ಕು ವರ್ಷ, ಮದುವೆಗೆ ಮುಂಚೆ, ಕುರುಗೋಡಿನಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬರೇ ಇದ್ದರು. ಬಸ್ಸು ನಿಲ್ಲುವ ಕಡೆಯಿಂದ ಮಾರ್ಕೆಟ್ಟಿಗೆ ತಿರುಗುವ ಮೂಲೆಯಲ್ಲಿ ಗಂಡ ಹೆಂಡತಿ ಇಬ್ಬರು ಸೇರಿ ನಡೆಸುತ್ತಿದ್ದ ಹೋಟೆಲು. ಹೋಟೆಲು ಎಂದರೆ ನಾಲ್ಕು ತಗಡು, ಎರಡು ಬೆಂಚು. ಗಂಡ ಚಹಾ ಕಾಸುತ್ತಿದ್ದ, ಹೆಂಡತಿ ತಿಂಡಿ ಮಾಡುತ್ತಿದ್ದಳು. ಇದಿಷ್ಟನ್ನು ಅವರ ಬಾಯಿಂದ ಹೊರಡಿಸಲು ನನಗೆ ಹತ್ತು ವರ್ಷ ಬೇಕಾಯಿತು. ನೋಡಲು ಹೇಗಿದ್ದಳು ಎಂದು ಕೇಳಿದರೆ, ಹೆಂಗಸರಿದ್ದ ಹಾಗೆ ಇದ್ದಳು ಎನ್ನುತ್ತಿದ್ದರು. ಒಗ್ಗರಣಿಗೆ ಏನು ಹಾಕುತ್ತಿದ್ದಳು ಎಂದರೆ, ಎಲ್ಲರೂ ಹಾಕುವುದನ್ನೇ ಎನ್ನುತ್ತಿದ್ದರು. ಇಂಥ ಮನುಷ್ಯನನ್ನು ಕಟ್ಟಿಕೊಂಡು ಯಾರು ತಾನೇ ಏನು ಮಾಡಬೇಕು ಹೇಳಿ.

ಹಾಗಾಗಿ ಆಕೆಯನ್ನು ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡೆ. ಎತ್ತರದ ನಿಲುವು, ಅಗಲ ಕುಂಕುಮ, ಮೊಣಕೈ ತನಕ ಹಸಿರು ಬಳೆ. ಒಲೆಯ ಮುಂದೆ ನಿಂತು ನನ್ನ ಗಂಡನ ತಟ್ಟೆಗೆ ಬೇಡಬೇಡವೆಂದರೂ ಬಡಿಸುವವಳು. ಆಕೆ ಎಷ್ಟು ಚೆಂದವಾದಳೋ ನನ್ನ ಒಗ್ಗರಣಿ ಅಷ್ಟು ಸಪ್ಪೆಯಾಯಿತು.

ನಮ್ಮತ್ತೆ ಇರುವ ತನಕ ನನಗೊಂದು ಜೊತೆಯಿತ್ತು. ಅವರು ತೆಕ್ಕಲಕೋಟೆಯವರು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಅವರು ಮಾಡಿದರೂ ಮಗ ಅದೇ ಮಾತು ಹೇಳುತ್ತಿದ್ದ. ಅತ್ತೆ ಒಳಗೆ ಬಂದು ಪಾತ್ರೆ ಕುಕ್ಕುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಹುಟ್ಟಿ, ನನ್ನ ಕೈಯ ಕೂಳು ತಿಂದು ಬೆಳೆದು, ಯಾವಳದೋ ಹೋಟೆಲು ಹೊಗಳುತ್ತಾನಲ್ಲ ಎಂದು ಬೈಯುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಅತ್ತೆ ಸೊಸೆ ಬೇರೆ ನೂರು ವಿಷಯಕ್ಕೆ ಜಗಳಾಡಿದ್ದೇವೆ, ಈ ಒಂದು ವಿಷಯದಲ್ಲಿ ಒಂದೇ ಪಕ್ಷ. ಹಾಸಿಗೆ ಹಿಡಿದ ಕೊನೆಯ ತಿಂಗಳಲ್ಲೂ ಒಂದು ದಿನ ನನ್ನನ್ನು ಹತ್ತಿರ ಕರೆದು, ನನ್ನ ಅಡುಗೆ ಅವನಿಗೆ ಎಂದೂ ಹಿಡಿಸಲಿಲ್ಲ ನೋಡು ಎಂದರು. ಅವರು ಹೋಗಿ ಎಂಟು ವರ್ಷವಾಯಿತು.

ಇಪ್ಪತ್ತು ವರ್ಷ ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಚೆಕಿಂಗ್ ಟೇಬಲ್ಲಿಗೆ ಕೂತವಳು. ಪ್ಯಾಂಟನ್ನು ತಿರುಗಿಸಿ ಮುರುಗಿಸಿ, ಹೊಲಿಗೆ ಎಲ್ಲಿ ತಪ್ಪಿದೆ ಎಂದು ಹುಡುಕಿ ಸೀಮೆಸುಣ್ಣದಿಂದ ಗುರುತು ಹಾಕುವುದು ನನ್ನ ಕೆಲಸ. ಅಂಥವಳಿಗೆ ತನ್ನ ಒಗ್ಗರಣಿಯ ತಪ್ಪು ಸಿಗಲಿಲ್ಲ. ಲಿಂಬೆ ಬದಲು ಹುಣಸೆ ಹಾಕಿದೆ. ಬೆಳ್ಳುಳ್ಳಿ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಪುಟಾಣಿ ಪುಡಿಗೆ ಒಣಕೊಬ್ಬರಿ ಸೇರಿಸಿದೆ. ತಾಜಾ ಮಂಡಕ್ಕಿಯೇ ಬೇಕೆಂದು ಅದನ್ನು ಹುರಿಯುವ ಭಟ್ಟಿಗೇ ಹೋಗಿ ಬಿಸಿ ಇರುವಾಗಲೇ ತಂದೆ. ಒಂದೊಂದು ಸಲವೂ ಅವರು ಕಣ್ಣು ಮುಚ್ಚಿ, ನುಂಗಿ, ಅದೇ ಮಾತು.

ಈ ವರ್ಷ ಬೀಗರು ಮನೆಗೆ ಬಂದಿದ್ದರು. ಮಗಳ ಅತ್ತೆ ಮಾವ, ದೂರದಿಂದ ಬಂದವರು, ಬೆಳಿಗ್ಗೆ ತಿಂಡಿಗೆ ಒಗ್ಗರಣಿ ಮಿರ್ಚಿ ಮಾಡಿದ್ದೆ. ಬೀಗಿತಿ ಎರಡನೇ ಸಲ ಹಾಕಿಸಿಕೊಂಡು, ನಿಮ್ಮ ಕೈ ಬಲು ರುಚಿ ಎಂದರು. ನನ್ನ ಗಂಡ ಸುಮ್ಮನಿರಬಾರದೇ? ಇದೇನು ತಿನ್ನುತ್ತೀರಿ, ಕುರುಗೋಡಿನಲ್ಲಿ ಒಬ್ಬಾಕೆ ಇದ್ದಳು ಎಂದು ಶುರು ಮಾಡಿದರು. ಬೀಗರ ಮುಂದೆ! ನಾನು ಸೌಟು ಹಿಡಿದುಕೊಂಡು ಅಲ್ಲೇ ನಿಂತು ನಕ್ಕೆ. ಒಳಗೆ ಮೈಯೆಲ್ಲ ಉರಿದುಹೋಯಿತು. ಬೀಗಿತಿ ಪಾಪ, ತಟ್ಟೆ ನೋಡಿಕೊಂಡು ಕೂತರು.

ಅವತ್ತೇ ತೀರ್ಮಾನಿಸಿದೆ. ಆಕೆ ಬದುಕಿದ್ದರೆ ಹುಡುಕುತ್ತೇನೆ, ಆಕೆ ಮಾಡುತ್ತಿದ್ದ ಬಗೆಯನ್ನು ಕಲಿಯುತ್ತೇನೆ, ಅದನ್ನೇ ಈ ಮನುಷ್ಯನ ತಟ್ಟೆಗೆ ಹಾಕುತ್ತೇನೆ. ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ‘ಆದ್ರ’ ಇಲ್ಲದೆ ಚಲೋ ಆಗೈತಿ ಅನ್ನಿಸಿಕೊಳ್ಳುತ್ತೇನೆ.

ಬಸವೇಶ್ವರ ಗುಡಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಕುರುಗೋಡಿನ ಬಸ್ಸು ಹತ್ತಿದೆ. ಗುಡಿಗೆ ಹೋದದ್ದೂ ನಿಜ, ಸುಳ್ಳು ಯಾಕೆ ಹೇಳಲಿ. ಕೈ ಮುಗಿದು ಹೊರಗೆ ಬಂದು ನೇರ ಆ ಮೂಲೆಗೆ ಹೋದೆ. ಅಲ್ಲಿ ಈಗ ಮೊಬೈಲು ಕವರು ಮಾರುವ ಅಂಗಡಿ. ಒಳಗಿದ್ದವನಿಗೆ ಹೋಟೆಲಿನ ಸುದ್ದಿಯೇ ಗೊತ್ತಿಲ್ಲ. ಆಚೀಚೆ ಕೇಳಿದೆ. ಮಂಡಕ್ಕಿ ಭಟ್ಟಿಯ ಮುದುಕನನ್ನೇ ವಿಚಾರಿಸಿರಿ, ಆಕೆ ಅವನ ಹತ್ತಿರವೇ ಮಂಡಕ್ಕಿ ಒಯ್ಯುತ್ತಿದ್ದಳು ಎಂದು ಯಾರೋ ಹೇಳಿದರು.

ಭಟ್ಟಿ ಈಗ ಆರಿದೆ. ಮುದುಕ ಅದರ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಮೂಲೆ ಹೋಟೆಲು ಎಂದ ಕೂಡಲೇ ಮುಖ ಅರಳಿತು. ನೀವು ಆಕೆಗೆ ಏನಾಗಬೇಕು ಎಂದು ಕೇಳಿದ. ಏನೆಂದು ಹೇಳಲಿ? ದೂರದ ಸಂಬಂಧ ಎಂದೆ. ಆಕೆಯ ಒಗ್ಗರಣಿಯ ವಿಷಯ ತೆಗೆದೆ ನೋಡಿ, ಅವನೂ ಕಣ್ಣು ಮುಚ್ಚಿಕೊಂಡ! ಈ ಊರಿನ ನೀರು ಕುಡಿದ ಗಂಡಸರಿಗೆಲ್ಲ ಇದೇ ರೋಗವೇ ಎಂದು ನನ್ನ ತಲೆ ಚಿಟ್ಟು ಹಿಡಿಯಿತು. ಒಳಗಿನಿಂದ ಅವನ ಹೆಂಡತಿ ಬಂದು ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿದಳು. ಆಕೆಯ ಮುಖವನ್ನೂ ನೋಡಿದೆ. ನನ್ನ ಹಾಗೆಯೇ ಹೊಟ್ಟೆ ಉರಿದುಕೊಂಡ ಇನ್ನೊಬ್ಬಳು ಇಲ್ಲಿ ಸಿಕ್ಕಳು ಅನಿಸಿತು.

ಮುದುಕ ಒಂದು ವಿಷಯ ಹೇಳಿದ. ಆಕೆ ತಾಜಾ ಮಂಡಕ್ಕಿ ಮುಟ್ಟುತ್ತಿರಲಿಲ್ಲವಂತೆ. ನಿನ್ನೆಯದನ್ನು ಕೊಡು, ಇವತ್ತಿನದು ನೀರಿಗೆ ಬಿದ್ದರೆ ಮುದ್ದೆಯಾಗುತ್ತದೆ ಎಂದು ಕೇಳಿ ಒಯ್ಯುತ್ತಿದ್ದಳಂತೆ. ಬಿಸಿ ಮಂಡಕ್ಕಿಗಾಗಿ ಭಟ್ಟಿಯ ಮುಂದೆ ಬೆವರು ಸುರಿಸಿ ನಿಂತ ನನ್ನ ದಿನಗಳೆಲ್ಲ ನೆನಪಾದವು. ಗಂಡ ಸತ್ತ ಮೇಲೆ ಆಕೆ ಹೋಟೆಲು ಮುಚ್ಚಿ ಸಿರುಗುಪ್ಪದಲ್ಲಿರುವ ಮಗಳ ಮನೆಗೆ ಹೋದಳು, ಊರ ಹೊರಗಿನ ರೈಸ್ ಮಿಲ್ಲಿನ ಹಿಂದಿನ ಓಣಿ ಎಂದು ಗುರುತು ಹೇಳಿದ. ಮನೆಗೆ ಬಂದಾಗ ನನ್ನ ಗಂಡ ಪ್ರಸಾದ ಎಲ್ಲಿ ಎಂದರು. ಪ್ರಸಾದ ತರುವುದನ್ನೇ ಮರೆತಿದ್ದೆ.

ಮುಂದಿನ ವಾರ ಯೂನಿಟ್ಟಿನ ಗೆಳತಿಯ ಮನೆಗೆಂದು ಹೇಳಿ ಸಿರುಗುಪ್ಪಕ್ಕೆ ಹೋದೆ. ತೆಕ್ಕಲಕೋಟೆ ದಾಟುವಾಗ ಕಿಟಕಿಯಿಂದ ಹೊರಗೆ ನೋಡಿ, ಅತ್ತೆ, ನೋಡಿಕೊಳ್ಳಿ, ಇವತ್ತು ಅವಳನ್ನು ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿದೆ. ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯಲ್ಲಿ ನೀರು. ಅದನ್ನು ನೋಡುವ ಮನಸ್ಸು ನನಗಿರಲಿಲ್ಲ.

ಮನೆ ಸಿಕ್ಕಿತು. ಬಾಗಿಲ ಮುಂದೆ ಒಬ್ಬ ಮುದುಕಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಕುಳ್ಳು, ಕಡ್ಡಿಯಂಥ ಮೈ, ಕನ್ನಡಕದ ಒಂದು ಕಿವಿಗೆ ದಾರ ಕಟ್ಟಿಕೊಂಡಿದ್ದಳು. ಮೂಲೆ ಹೋಟೆಲಿನವರು ಇದ್ದಾರೆಯೇ ಎಂದೆ. ನಾನೇ ಎಂದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಂದ ಕೆಲಸವೇ ಮರೆತುಹೋಯಿತು. ಇಷ್ಟೇನಾ! ಇವಳಿಗಾಗಿಯೇ ನಾನು ಇಷ್ಟು ವರ್ಷ ಕುದ್ದದ್ದು! ಆಮೇಲೆ ಆಕೆ ನಕ್ಕಳು, ಎಪ್ಪತ್ತು ದಾಟಿದ ಬಾಯಲ್ಲಿ ಹಲ್ಲೆಲ್ಲ ನೆಟ್ಟಗಿದ್ದವು. ನನ್ನವು ಮೂರು ಹೋಗಿವೆ. ಸಮಾಧಾನ ಅಲ್ಲಿಗೆ ಮುಗಿಯಿತು.

ಕುರುಗೋಡಿನಲ್ಲಿ ಕಂಬ ಹತ್ತುತ್ತಿದ್ದವರ ಹೆಂಡತಿ ನಾನು ಎಂದು ಹೇಳಿದ್ದೇ ತಡ, ಮೊರ ಪಕ್ಕಕ್ಕಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು.

“ಕಂಬದ ತಮ್ಮನ ಹೇಣ್ತಿ ಏನವ್ವ ನೀ?”

ಕಂಬದ ತಮ್ಮ! ನನ್ನ ಗಂಡನಿಗೆ ಇಂಥದೊಂದು ಹೆಸರಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಕೈ ಬಿಡಿಸಿಕೊಳ್ಳಬೇಕು ಅನಿಸಿತು. ಬಿಡಿಸಿಕೊಳ್ಳಲಿಲ್ಲ, ಕಲಿಯಬೇಕಾದ್ದಿತ್ತು. ಮಗಳು ಕೆಲಸಕ್ಕೆ ಹೋಗಿದ್ದಳು, ಮನೆಯಲ್ಲಿ ಆಕೆ ಒಬ್ಬಳೇ. ನಿಮ್ಮ ಒಗ್ಗರಣಿ ಮಾಡುವ ರೀತಿ ಕಲಿಯಲು ಬಂದೆ ಎಂದು ನೇರವಾಗಿ ಹೇಳಿಬಿಟ್ಟೆ. ಹೋಟೆಲಿನವರು ಗುಟ್ಟು ಬಿಟ್ಟುಕೊಡುವುದಿಲ್ಲ, ಏನಾದರೂ ನೆಪ ಹೇಳುತ್ತಾಳೆ, ನಾನೂ ಬಿಡುವುದಿಲ್ಲ ಎಂದು ಜಗಳಕ್ಕೆ ಸಜ್ಜಾಗಿಯೇ ಬಂದಿದ್ದೆ. ಆಕೆ ಅದರಲ್ಲೇನಿದೆ ಎಂದು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು.

ನಾನು ಈರುಳ್ಳಿ ಹೆಚ್ಚಲು ಕೂತೆ. ಆಕೆ ಮಂಡಕ್ಕಿಯ ಡಬ್ಬಿ ಮುಟ್ಟಲೇ ಇಲ್ಲ, ಕಡಲೆಹಿಟ್ಟು ಕಲಸತೊಡಗಿದಳು. ಓಂಕಾಳು ಅಂಗೈಯಲ್ಲಿ ತಿಕ್ಕಿ ಹಾಕಿದಳು.

“ಮೊದಲ ಮಿರ್ಚಿ ಕರೀಬೇಕವ್ವ. ಆಮ್ಯಾಲ ಒಗ್ಗರಣಿ.”

ನಾನು ಯಾವತ್ತೂ ಒಗ್ಗರಣಿ ಮೊದಲು ಮಾಡಿಟ್ಟು, ಮಿರ್ಚಿ ಕೊನೆಗೆ ಕರಿಯುವವಳು, ಬಿಸಿ ಇರಲಿ ಎಂದು. ಆಕೆ ಮಿರ್ಚಿ ಕರಿದು ತೆಗೆದಳು. ಅದೇ ಎಣ್ಣೆ, ಮೆಣಸಿನಕಾಯಿಯ ಘಾಟು ಇಳಿದ, ಓಂಕಾಳು, ಹಿಟ್ಟಿನ ಚೂರು ಕೆಂಪಗೆ ತೇಲುತ್ತಿದ್ದ ಎಣ್ಣೆ. ಎರಡು ಸೌಟು ತೆಗೆದು ಬೇರೆ ಬಾಣಲೆಗೆ ಹಾಕಿ ಅದರಲ್ಲೇ ಸಾಸಿವೆ ಸಿಡಿಸಿದಳು. ಈರುಳ್ಳಿ ಬಿತ್ತು, ಅರಿಶಿನ ಬಿತ್ತು, ನೆನೆಸಿ ಹಿಂಡಿದ ನಿನ್ನೆಯ ಮಂಡಕ್ಕಿ ಬಿತ್ತು. ಒಲೆ ಆರಿಸಿದ ಮೇಲೆ ಪುಟಾಣಿ ಪುಡಿ. ಮುಗಿಯಿತು.

ವಾಸನೆ ಬಂದಾಗಲೇ ನನಗೆ ಗೊತ್ತಾಯಿತು. ಬಾಯಿಗೆ ಹಾಕಿಕೊಂಡ ಮೇಲೆ ಕೇಳುವುದೇ ಬೇಡ. ನಾನು ಕರಿದ ಎಣ್ಣೆಯನ್ನು ಮನೆಯಲ್ಲಿ ಯಾವತ್ತೂ ಎರಡನೆಯ ಸಲ ಬಳಸಿದವಳಲ್ಲ. ಶುಚಿಯಾಗಿರಬೇಕು ಎಂದು ಹೆಮ್ಮೆ ಬೇರೆ. ಮೂವತ್ತಮೂರು ವರ್ಷ ಆ ರುಚಿಯನ್ನು ಚೆಲ್ಲುತ್ತ ಬಂದಿದ್ದೆ. ಅಳುವಂತಾಯಿತು, ಸಿಟ್ಟೂ ಬಂತು, ಇಷ್ಟು ಸುಲಭದ್ದಕ್ಕೆ ಇಷ್ಟು ವರ್ಷ ಸೋತೆನಲ್ಲ ಎಂದು.

ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಯಾರೂ ಹೇಳಿಕೊಟ್ಟದ್ದಲ್ಲವಂತೆ. ನಿನ್ನ ಗಂಡನ ಮೇಲಿನ ಸಿಟ್ಟಿಗೆ ಮಾಡಿದ್ದು ಎಂದಳು.

ನನ್ನ ಕೈಯ ತುತ್ತು ಅಲ್ಲೇ ನಿಂತಿತು.

“ದಿನಾ ಬಂದು ತಿಂತಿದ್ದ. ತಿಂದು, ಚಲೋ ಐತಿ ಅಕ್ಕ, ಆದ್ರ ನಮ್ಮವ್ವನ ಕೈಯಾಗಿನ ಒಗ್ಗರಣಿ ಮುಂದ ಇದು ಏನಲ್ಲ ಅಂತಿದ್ದ. ನಾಲ್ಕು ವರ್ಷ ಅದಽ ಮಾತು.”

ಆಕೆಯೂ ಹುಣಸೆ ಹಾಕಿ ನೋಡಿದ್ದಳು. ಬೆಳ್ಳುಳ್ಳಿ ಹೆಚ್ಚಿಸಿ ನೋಡಿದ್ದಳು. ತೆಕ್ಕಲಕೋಟೆಯಲ್ಲಿ ಕೂತ, ತಾನು ಮುಖ ಕಾಣದ ಯಾವಳೋ ತಾಯಿಯ ಮೇಲೆ ಹೊಟ್ಟೆ ಉರಿದುಕೊಂಡು ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದಳು. ಒಂದು ದಿನ ಅವರು ಬೆಂಚಿನ ಮೇಲೆ ಕೂತು ಅವ್ವನ ಪುರಾಣ ತೆಗೆದಾಗ ಸಿಟ್ಟು ನೆತ್ತಿಗೇರಿ, ಹೊಸ ಎಣ್ಣೆ ಯಾಕೆ ಕೆಡಿಸಲಿ ಇವನಿಗೆ ಎಂದು ಮಿರ್ಚಿ ಬಾಣಲೆಯ ಎಣ್ಣೆಯಲ್ಲೇ ಒಗ್ಗರಣಿ ಹಾಕಿ ಮುಂದೆ ಕುಕ್ಕಿದಳಂತೆ. ಅವತ್ತೂ ಅದೇ ಮಾತು ಹೇಳಿದರಂತೆ. ಆದರೆ ಎರಡು ತಟ್ಟೆ ತಿಂದರಂತೆ. ಅಂದಿನಿಂದ ಆಕೆ ಹಾಗೆಯೇ ಮಾಡತೊಡಗಿದಳು.

ನನ್ನ ಕಣ್ಣ ಮುಂದೆ ನಮ್ಮತ್ತೆ ಪಾತ್ರೆ ಕುಕ್ಕುತ್ತ ನಿಂತಂತಾಯಿತು. ಮಗ ಊರೂರು ತನ್ನನ್ನು ಹೊಗಳಿಕೊಂಡು ತಿರುಗಿದ್ದು ಆ ಮುದುಕಿಗೆ ಗೊತ್ತೇ ಆಗಲಿಲ್ಲ. ಅವನಿಗೆ ನನ್ನ ಅಡುಗೆ ಹಿಡಿಸಲೇ ಇಲ್ಲ ಎಂದುಕೊಂಡೇ ಹೋದರು.

ಆಕೆ ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದಳು. ಹಾಕಿ, ನನ್ನನ್ನು ನೋಡದೆ, ಒಲೆಕಟ್ಟೆ ಒರೆಸುತ್ತ ಕೇಳಿದಳು.

“ಅಲ್ಲಿಂದ ಹೋದಮ್ಯಾಲರ ಏನಾರ ಅಂದ್ನೇನವ್ವ, ನನ್ನ ಒಗ್ಗರಣಿ ಬಗ್ಗಿ?”

ಹೇಳಬೇಕಿತ್ತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ನೀವೇ ನೋಡಿ, ಆಕೆಯ ಹೊಗಳಿಕೆಯನ್ನು ಮೂವತ್ತಮೂರು ವರ್ಷ ನನ್ನ ಕಿವಿಗೆ ಹಾಕಿಸಿಕೊಂಡವಳು ನಾನು, ಪ್ರತಿ ವಾರ ಅದರಿಂದ ಏಟು ತಿಂದವಳು ನಾನು. ಈಗ ಅದನ್ನು ನನ್ನ ಕೈಯಿಂದಲೇ ಒಯ್ದು ಆಕೆಯ ಮಡಿಲಿಗೆ ಹಾಕಬೇಕೇ? ಹಲ್ಲು ಬೇರೆ ನೆಟ್ಟಗಿವೆ.

ಅವರಿಗೆ ಅದೆಲ್ಲ ನೆನಪೇ ಇಲ್ಲ ಎಂದುಬಿಟ್ಟೆ.

ಆಕೆ ಸ್ವಲ್ಪ ಹೊತ್ತು ಒರೆಸಿದಲ್ಲೇ ಒರೆಸಿದಳು. ಇರಲಿ ಬಿಡು, ಹೊಟ್ಟೆ ತುಂಬ ತಿಂದನಲ್ಲ ಎಂದಳು. ಹೊರಡುವಾಗ ತಾನೇ ಮಾಡಿದ ಪುಟಾಣಿ ಪುಡಿಯನ್ನು ಡಬ್ಬಿಯಲ್ಲಿ ತುಂಬಿ ನನ್ನ ಚೀಲಕ್ಕೆ ಹಾಕಿದಳು. ಬಸ್ಸಿನಲ್ಲಿ ಬಳ್ಳಾರಿ ಬರುವ ತನಕ ಆ ಡಬ್ಬಿ ತೊಡೆಯ ಮೇಲಿತ್ತು, ನನಗೆ ಗೆದ್ದೆ ಅನಿಸಲಿಲ್ಲ.

ಆದರೂ ಭಾನುವಾರ ಬಂತು, ನಾನು ಮಾಡಿದೆ. ನಿನ್ನೆಯ ಮಂಡಕ್ಕಿ, ಮೊದಲು ಮಿರ್ಚಿ, ಅದೇ ಎಣ್ಣೆ. ತಟ್ಟೆ ಇಟ್ಟು ಹಿಂದಕ್ಕೆ ಹೋಗದೆ ಅಲ್ಲೇ ನಿಂತೆ. ಅವರು ಒಂದು ತುತ್ತು ತಿಂದರು. ಕಣ್ಣು ಮುಚ್ಚಲಿಲ್ಲ. ದೊಡ್ಡದಾಗಿ ಬಿಟ್ಟರು. ಇನ್ನೊಂದು ತುತ್ತು, ಮತ್ತೊಂದು, ತಟ್ಟೆ ಅರ್ಧವಾಯಿತು. ಆಮೇಲೆ ತಲೆ ಎತ್ತಿದರು.

“ಎಲ್ಲಿ ಅದಾಳ ಆಕಿ?”

ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದವಳು ನಾನು. ಎರಡು ಊರು ಅಲೆದವಳು ನಾನು. ಮಾಡಿದ್ದು ನಾನೆಂದು ಅವರಿಗೆ ಹೊಳೆಯಲೇ ಇಲ್ಲ, ನನ್ನ ಕೈಯಲ್ಲಿ ಅವಳೇ ಕಂಡಳು! ಸೋತಾಗ ಆಗಿದ್ದಕ್ಕಿಂತ ಗೆದ್ದಾಗ ಹೆಚ್ಚು ಉರಿಯಿತು. ನಾನು ಒಳಗೆ ಹೋಗಿ, ನಮ್ಮತ್ತೆ ಕುಕ್ಕುತ್ತಿದ್ದ ಹಾಗೆಯೇ ಪಾತ್ರೆ ಕುಕ್ಕಿದೆ. ಅವರು ತಟ್ಟೆ ಹಿಡಿದುಕೊಂಡೇ ಹಿಂದೆ ಬಂದರು. ಸಿಟ್ಟಿನಲ್ಲಿ ಎಲ್ಲ ಹೇಳಿದೆ. ಕುರುಗೋಡು, ಸಿರುಗುಪ್ಪ, ಮಿರ್ಚಿ ಎಣ್ಣೆ, ಅವರು ಅಲ್ಲಿ ಕೂತು ಅವ್ವನನ್ನು ಹೊಗಳಿದ್ದು. ಅವರಿಗೆ ನಗು ಬಂತು. ಹಾಗೆ ಅಂದಿದ್ದೆನೇ ಎಂದರು. ನಿಜಕ್ಕೂ ನೆನಪಿರಲಿಲ್ಲ.

ಇದನ್ನು ಅವ್ವನ ಮುಂದೆ ಯಾವತ್ತಾದರೂ ಹೇಳಿದ್ದಿರಾ ಎಂದು ಕೇಳಿದೆ. ಅವ್ವನಿಗೆ ಗೊತ್ತಿತ್ತಲ್ಲ ಎಂದರು. ಗೊತ್ತಿರಲಿಲ್ಲ ಎಂದೆ. ಕೊನೆಯ ತಿಂಗಳಲ್ಲಿ ಅತ್ತೆ ಹೇಳಿದ್ದನ್ನೂ ಹೇಳಿದೆ. ಅವರ ನಗು ನಿಂತಿತು. ತಟ್ಟೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೊರಗೆ ಹೋಗಿ ಬಹಳ ಹೊತ್ತು ಕೂತರು. ಸಂಜೆ ತಾವಾಗಿಯೇ ಬಂದು, ಸಿರುಗುಪ್ಪಕ್ಕೆ ಹೋಗಿ ಬರೋಣ ಎಂದರು. ನಾನು ಆಕೆಗೆ ಹೇಳಿದ ಸುಳ್ಳನ್ನು ಮಾತ್ರ ಅವರಿಗೆ ಹೇಳಿರಲಿಲ್ಲ.

ಮೊದಲೇ ಹೇಳಿ ಕಳಿಸಿದ್ದೆವು. ಆಕೆ ಹೊಸ ಸೀರೆ ಉಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. ಕಂಬದ ತಮ್ಮ ಮುದುಕನಾಗಿಬಿಟ್ಟ ಎಂದು ನಕ್ಕಳು, ಕಣ್ಣೊರೆಸಿಕೊಂಡಳು. ಇವರು ಕಾಲು ಮುಟ್ಟಲು ಬಗ್ಗಿದರೆ ಬೇಡವೆಂದು ಎಬ್ಬಿಸಿದಳು. ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ. ನಮ್ಮಿಬ್ಬರನ್ನೂ ಚಾಪೆಯ ಮೇಲೆ ಕೂರಿಸಿ, ಮೊದಲು ಅವರಿಗೆ ಬಡಿಸಿ, ಇನ್ನೊಂದು ಸೌಟಿಗೆ ಪಾತ್ರೆ ಹಿಡಿದುಕೊಂಡು ಎದುರಿಗೇ ನಿಂತಳು. ನನ್ನ ತಟ್ಟೆ ಖಾಲಿಯೇ ಇತ್ತು, ಆಕೆಗೆ ಅದು ಕಾಣಲೂ ಇಲ್ಲ. ಆಕೆ ಅವರ ಬಾಯಿಯನ್ನೇ ನೋಡುತ್ತಿದ್ದಳು.

ಅವರು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ನುಂಗಿದರು.

“ಚಲೋ ಐತಿ ಅಕ್ಕ. ಆದ್ರ ನಮ್ಮ ಮನಿಯಾಕಿ ಮಾಡ್ತಾಳ ನೋಡು, ಆ ಒಗ್ಗರಣಿ ಮುಂದ ಇದು ಏನಲ್ಲ.”

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಮೂವತ್ತಮೂರು ವರ್ಷ ಕಾದಿದ್ದ ಮಾತು. ಅದೂ ಆಕೆಯ ಮನೆಯಲ್ಲಿ, ಆಕೆಯ ಕೈಯ ತಟ್ಟೆ ಹಿಡಿದುಕೊಂಡು, ಆಕೆಯ ಕಿವಿಗೆ ಬೀಳುವ ಹಾಗೆ. ನಾನು ಆಕೆಯ ಮುಖ ನೋಡಿದೆ, ನೋಡಿ ಸವಿಯಬೇಕೆಂದೇ ನೋಡಿದೆ.

ಆಕೆ ನಕ್ಕಳು. ಹೌದೇ ತಮ್ಮ, ಆಕೆಯ ಕೈ ಅಷ್ಟು ಚಲೋ ಐತೇ ಎಂದಳು. ಪಾತ್ರೆ ಹಿಡಿದ ಕೈ ಸ್ವಲ್ಪ ಕೆಳಗಿಳಿಯಿತು, ಸೌಟು ಒಳಕ್ಕೆ ಜಾರಿತು. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು. ಬೀಗರ ಮುಂದೆ ಸೌಟು ಹಿಡಿದು ನಿಂತು ನಾನು ನಕ್ಕದ್ದು ಅದೇ.

ಈ ಮನುಷ್ಯನ ಬಾಯಿಂದ ಎದುರಿಗಿದ್ದವರಿಗೆ ಒಳ್ಳೆಯ ಮಾತು ಬರುವುದಿಲ್ಲ, ಬರುವ ಹಾಗೂ ಇಲ್ಲ. ಅತ್ತೆಗೆ ಬರಲಿಲ್ಲ, ಅವರು ಹೋದರು. ಈಕೆಯೂ ಹಾಗೆಯೇ ಹೋಗುತ್ತಾಳೆ. ಈಕೆಯ ಪಾಲಿನ ಮಾತು ನನ್ನ ಹತ್ತಿರ ಇತ್ತು, ಬೇರೆ ಯಾರ ಹತ್ತಿರವೂ ಇರಲಿಲ್ಲ.

“ಅಕ್ಕಾರ, ಮೊನ್ನಿ ನಾ ನಿಮಗ ಸುಳ್ಳು ಹೇಳಿದ್ನಿ. ಮದುವ್ಯಾದಾಗಿಂದ ಪ್ರತಿ ಐತವಾರ ಇವ್ರು ನನ್ನ ಮುಂದ ನಿಮ್ಮ ಒಗ್ಗರಣಿನಽ ಹೊಗಳ್ಯಾರ. ಮೂಲಿ ಹೋಟೆಲ್ ಅಕ್ಕನ ಕೈರುಚಿ ಯಾರಿಗೂ ಇಲ್ಲ ಅಂತ. ನಿಮಗ ಗೊತ್ತಾಗಬಾರದು ಅಂತ ಮುಚ್ಚಿಟ್ನಿ. ಹೊಟ್ಟಿಕಿಚ್ಚು ನನಗ.”

ಆಕೆ ಅವರ ಕಡೆ ನೋಡಿದಳು. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ, ಕಿವಿ ಕೆಂಪಗಾಗಿದ್ದವು. ಆಕೆ ನಂಬಲು ಅಷ್ಟು ಸಾಕಾಗಿತ್ತು. ಆಕೆ ಪಾತ್ರೆ ಕೆಳಗಿಟ್ಟು ನನ್ನ ಎದುರಿಗೆ ನೆಲಕ್ಕೆ ಕೂತಳು. ಸಿಟ್ಟು ಮಾಡುತ್ತಾಳೆ ಎಂದುಕೊಂಡೆ. ಪ್ರತಿ ಐತವಾರವೇ ಎಂದು ಕೇಳಿದಳು. ಹೌದು, ಪ್ರತಿ ಐತವಾರ, ಒಂದು ಭಾನುವಾರವೂ ತಪ್ಪದೆ ಎಂದೆ.

“ಇನ್ನೊಮ್ಮಿ ಹೇಳವ್ವ.”

ಕೇಳಿಸದೆ ಕೇಳಿದ್ದಲ್ಲ ಅದು. ಮೊದಲ ಸಲ ನನ್ನ ತಪ್ಪು ಒಪ್ಪಿಕೊಳ್ಳುವ ಭರದಲ್ಲಿ ಹೇಳಿದ್ದೆ, ಸಲೀಸಾಗಿ ಬಂದಿತ್ತು. ಎರಡನೆಯ ಸಲ ಆಕೆಗಾಗಿಯೇ ಹೇಳಬೇಕಿತ್ತು. ಹಳೆಯ ಹೊಟ್ಟೆಕಿಚ್ಚು ಹಾಗೆಯೇ ಇತ್ತು. ಆದರೂ ಒಂದು ಅಕ್ಷರ ಬಿಡದೆ ಹೇಳಿದೆ. ಮುಗಿದ ಮೇಲೂ ಆಕೆ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಳು. ಮೂರನೆಯ ಸಲ ಆಕೆ ಕೇಳುವ ತನಕ ನಾನು ಕಾಯಲಿಲ್ಲ, ನಾನಾಗಿಯೇ ಹೇಳಿದೆ.